ಹದಿನೇಳು ಗಂಟೆ ಎಂದು ಬರೆದಿರಿ, ಮನೆಯಿಂದ ಮನೆಗೆ ಮೂವತ್ತೇಳೂವರೆ

ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರದ ನಿಮ್ಮ ಪುರವಣಿಯ ಕೊನೆಯ ಪುಟದಲ್ಲಿ, ಕೆಳಗಡೆ ಬಲ ಮೂಲೆಯಲ್ಲಿ, ದೂರದ ವಿಮಾನ ಮಾರ್ಗಗಳ ಬಗ್ಗೆ ಒಂದು ಚಿಕ್ಕ ಚೌಕ ಬಂದಿತ್ತು. ಅದರ ಮೂರನೆಯ ಸಾಲು ಹೀಗಿತ್ತು: "ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ 8,690 ಕಿ.ಮೀ., ಪ್ರಯಾಣದ ಅವಧಿ 17 ಗಂಟೆ." ಈ ಒಂದು ಸಾಲಿಗಾಗಿಯೇ ಈ ಪತ್ರ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ 31 ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಈಗಲೂ ಸೋಮವಾರಗಳಂದು ನಮ್ಮ ಹಳೆಯ ಶಾಲೆಗೆ ಹೋಗಿ ಹತ್ತನೆಯ ತರಗತಿಯ ಮಕ್ಕಳಿಗೆ ನಕ್ಷೆ ಬಿಡಿಸುವುದನ್ನು ಹೇಳಿಕೊಡುತ್ತೇನೆ. ಮೊನ್ನೆ ಸೋಮವಾರ ಹೋದಾಗ ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗಿನ ಕರಿಹಲಗೆಯ ಮೇಲೆ, "ದಿನಕ್ಕೊಂದು ಮಾಹಿತಿ" ಎಂಬ ತಲೆಬರಹದ ಕೆಳಗೆ, ನಿಮ್ಮ ಪತ್ರಿಕೆಯ ಅದೇ ಸಾಲು ದುಂಡಗಿನ ಅಕ್ಷರಗಳಲ್ಲಿ ಇಳಿದಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗಿ ಅದನ್ನು ಗಟ್ಟಿಯಾಗಿ ಓದಿದ್ದಳಂತೆ, ಉಳಿದ ಮಕ್ಕಳು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದರಂತೆ. ಪತ್ರಿಕೆಯಲ್ಲಿ ಬಂದದ್ದು ಸರಿ ಎಂದು ನಂಬುವ ಊರು ನಮ್ಮದು. ಆ ನಂಬಿಕೆ ಉಳಿಯಬೇಕೆಂಬ ಆಸೆಯಿಂದ ಬರೆಯುತ್ತಿದ್ದೇನೆ.

8,690 ಎಂಬುದು ಕಿಲೋಮೀಟರ್ ಅಲ್ಲ, ಮೈಲಿ. ಒಂದು ಮೈಲಿಗೆ 1.609 ಕಿಲೋಮೀಟರ್ ಲೆಕ್ಕ ಹಿಡಿದರೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೂ ನಡುವಿನ ಅತಿ ಹತ್ತಿರದ ದೂರ ಸುಮಾರು 13,980 ಕಿಲೋಮೀಟರ್. ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ ಹೇಳಿದರೆ ಅದೇ ದೂರ ಸುಮಾರು 7,550. ಮೂರು ಅಳತೆಗೆ ಮೂರು ಅಂಕಿ, ದೂರ ಮಾತ್ರ ಒಂದೇ. ಅಂಕಿಯನ್ನು ಒಂದು ಕಡೆಯಿಂದ, ಅಳತೆಯ ಹೆಸರನ್ನು ಇನ್ನೊಂದು ಕಡೆಯಿಂದ ತೆಗೆದುಕೊಂಡಾಗ ಇಂಥ ತಪ್ಪು ನುಸುಳುತ್ತದೆ. ಅಚ್ಚಿಗೆ ಹೋಗುವ ಮುನ್ನ ಒಂದು ಭಾಗಾಕಾರ ಮಾಡಿದ್ದರೂ ಇದು ಸಿಕ್ಕಿಬೀಳುತ್ತಿತ್ತು. 8,690ನ್ನು 17ರಿಂದ ಭಾಗಿಸಿದರೆ ಗಂಟೆಗೆ 511 ಕಿಲೋಮೀಟರ್ ವೇಗ ಬರುತ್ತದೆ. ದೂರದ ಊರಿಗೆ ಹಾರುವ ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ ಹೆಚ್ಚುಕಡಿಮೆ 900 ಕಿಲೋಮೀಟರ್ ಓಡುತ್ತದೆ. ಒಂದೇ ಸಾಲಿನ ಎರಡು ಅಂಕಿಗಳು ಒಂದನ್ನೊಂದು ಒಪ್ಪುತ್ತಿಲ್ಲ ಎಂಬುದು ಏಳನೆಯ ತರಗತಿಯ ಗಣಿತದಲ್ಲೇ ಗೊತ್ತಾಗುತ್ತದೆ.

ಅತಿ ಹತ್ತಿರದ ದೂರ ಎಂದೆನಲ್ಲ, ಆ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದು ನನ್ನ ವೃತ್ತಿಯುದ್ದಕ್ಕೂ ನನಗೆ ಅತ್ಯಂತ ಪ್ರಿಯವಾಗಿದ್ದ ಪಾಠ.

ತರಗತಿಯ ಗೋಡೆಗೆ ತೂಗುಹಾಕುವ ಜಗತ್ತಿನ ನಕ್ಷೆಯಲ್ಲಿ ಅಮೆರಿಕ ಎಡಕ್ಕಿರುತ್ತದೆ, ನಾವು ಬಲಕ್ಕೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹತ್ತಿರದ ದಾರಿ ತೋರಿಸಿ ಎಂದರೆ ಮಕ್ಕಳು ಅಡಿಪಟ್ಟಿ ಇಟ್ಟು ಎಡಕ್ಕೆ ಗೆರೆ ಎಳೆಯುತ್ತಾರೆ. ಆ ಗೆರೆ ಅರಬ್ಬೀ ಸಮುದ್ರ ದಾಟಿ, ಯೆಮನ್ ಮೇಲೆ ಹಾದು, ಸಹಾರಾ ಮರುಭೂಮಿಯನ್ನು ಅಡ್ಡಡ್ಡವಾಗಿ ಸೀಳಿ, ಅಟ್ಲಾಂಟಿಕ್ ಸಾಗರಕ್ಕೆ ಇಳಿಯುತ್ತದೆ. ಆಗ ನಾನು ಕಪಾಟಿನಿಂದ ಗ್ಲೋಬ್ ತೆಗೆಯುತ್ತಿದ್ದೆ. ನಮ್ಮ ಶಾಲೆಯದು 30 ಸೆಂಟಿಮೀಟರ್ ವ್ಯಾಸದ್ದು. ಹೂ ಕಟ್ಟುವ ಬಿಳಿ ದಾರವನ್ನು ಭೂಮಧ್ಯರೇಖೆಯ ಸುತ್ತ ಒಂದು ಸುತ್ತು ಹಾಕಿಸಿ ಅಳೆಸುತ್ತಿದ್ದೆ. 94 ಸೆಂಟಿಮೀಟರ್ ಬರುತ್ತಿತ್ತು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಎಂಬುದು ಮಕ್ಕಳಿಗೆ ಬಾಯಿಪಾಠ. ಹಾಗಾಗಿ ದಾರದ ಒಂದೊಂದು ಸೆಂಟಿಮೀಟರೂ ಸುಮಾರು 425 ಕಿಲೋಮೀಟರ್.

ಆಮೇಲೆ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒಬ್ಬಳು ಒತ್ತಿ ಹಿಡಿಯಬೇಕು, ಇನ್ನೊಬ್ಬಳು ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ. ಗೋಡೆ ನಕ್ಷೆಯ ಗೆರೆಯ ಹಾದಿಯಲ್ಲೇ, ಸಹಾರಾದ ಮೇಲಿನಿಂದ ದಾರ ಹಾಯಿಸಿದರೆ ಸುಮಾರು 47 ಸೆಂಟಿಮೀಟರ್ ಬೇಕಾಗುತ್ತಿತ್ತು, ಅಂದರೆ 20,000 ಕಿಲೋಮೀಟರ್. ಬಲಗಡೆಯಿಂದ, ಪೆಸಿಫಿಕ್ ಸಾಗರದ ನಡುವೆ ಹಾಯಿಸಿದರೆ 38. ಈಗ ದಾರವನ್ನು ಸಡಿಲ ಬಿಟ್ಟು ಮೆಲ್ಲಗೆ ಎಳೆಯಿರಿ ಎನ್ನುತ್ತಿದ್ದೆ. ಎಳೆದಷ್ಟೂ ದಾರ ತಾನಾಗಿಯೇ ಉತ್ತರಕ್ಕೆ ಜಾರುತ್ತದೆ. ಬಿಗಿಯಾಗಿ ನಿಂತಾಗ ನೋಡಿದರೆ ಅದು ನೇಪಾಳದ ಹಿಮಾಲಯ ದಾಟಿ, ಟಿಬೆಟ್ ಏರಿ, ಮಂಗೋಲಿಯಾದ ಪಶ್ಚಿಮ ಭಾಗವನ್ನು ಸವರಿ, ಸೈಬೀರಿಯಾ ಉದ್ದಕ್ಕೂ ಹೋಗಿ, 71 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಆರ್ಕ್‌ಟಿಕ್ ತೀರವನ್ನು ಮುಟ್ಟಿ, ಅಲಾಸ್ಕಾದ ಮೇಲಿಂದ ಕೆಳಗೆ ಇಳಿದಿರುತ್ತದೆ. ಅಳತೆ 33 ಸೆಂಟಿಮೀಟರ್. ಗುಣಿಸಿದರೆ 14,000 ಕಿಲೋಮೀಟರ್. ದಾರ ಜಾರುವ ಆ ಕ್ಷಣದಲ್ಲಿ ಮಕ್ಕಳ ಕಣ್ಣು ಅಗಲವಾಗುವುದನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ. ಕ್ಯಾಲಿಫೋರ್ನಿಯಾ ನಮಗೆ ಪೂರ್ವವೂ ಅಲ್ಲ, ಪಶ್ಚಿಮವೂ ಅಲ್ಲ, ದಾರದ ಲೆಕ್ಕದಲ್ಲಿ ಅದು ಉತ್ತರಕ್ಕಿದೆ.

ಆದರೆ ವಿಮಾನ ದಾರದ ಮೇಲೆಯೇ ಹಾರುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,000 ಮೀಟರಿಗಿಂತ ಹೆಚ್ಚು. ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿದರೆ ತಲೆಯ ಮೇಲಿಂದ ಇಳಿಬೀಳುವ ಆಮ್ಲಜನಕದ ಮುಖವಾಡ ಕೆಲವೇ ನಿಮಿಷಗಳ ಆಸರೆ. ಅಷ್ಟರಲ್ಲಿ ಪೈಲಟ್ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು. ನೆಲವೇ ಅದಕ್ಕಿಂತ ಎತ್ತರದಲ್ಲಿದ್ದರೆ ಇಳಿಯುವುದೆಲ್ಲಿಗೆ? ಆದ್ದರಿಂದ ಸಾಮಾನ್ಯವಾಗಿ ಟಿಬೆಟ್ಟನ್ನು ಬಿಟ್ಟು ಸುತ್ತಿ ಹೋಗುತ್ತಾರೆ. ಇದರ ಮೇಲೆ ದೇಶದೇಶಗಳ ಜಗಳ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಯುರೋಪ್ ಮತ್ತು ಅಮೆರಿಕದ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವು ಅರಬ್ಬೀ ಸಮುದ್ರದ ಕಡೆಯಿಂದ ಸುತ್ತಿ ಹೋಗಬೇಕಾಯಿತು. ಎರಡು ನಿಲ್ದಾಣಗಳು ಇದ್ದಲ್ಲೇ ಇವೆ, ನಡುವಿನ ದಾರಿ ಮಾತ್ರ ಉದ್ದವಾಯಿತು.

ಗಾಳಿಯೂ ಇದೆ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಜೆಟ್ ಪ್ರವಾಹ ಚಳಿಗಾಲದಲ್ಲಿ ಗಂಟೆಗೆ ನೂರೈವತ್ತು, ಇನ್ನೂರು ಕಿಲೋಮೀಟರ್ ವೇಗದಲ್ಲಿರುತ್ತದೆ. ಬೆನ್ನಿಗೆ ಸಿಕ್ಕರೆ ವಿಮಾನಕ್ಕೆ ವರ, ಎದೆಗೆ ಬಡಿದರೆ ತಡೆ. ಅದಕ್ಕಾಗಿಯೇ ಹೋಗುವ ಗಂಟೆಯೇ ಬೇರೆ, ಬರುವ ಗಂಟೆಯೇ ಬೇರೆ. ಏರ್ ಇಂಡಿಯಾ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿದ್ದು ನಿಮ್ಮ ಓದುಗರಿಗೆ ನೆನಪಿರಬಹುದು. ಕ್ಯಾಪ್ಟನ್ ಝೋಯಾ ಅಗರ್‌ವಾಲ್ ನೇತೃತ್ವದಲ್ಲಿ ಪೈಲಟ್‌ಗಳೆಲ್ಲ ಮಹಿಳೆಯರೇ ಇದ್ದ ತಂಡ ಉತ್ತರ ಧ್ರುವದ ಮೇಲಿನಿಂದ ವಿಮಾನವನ್ನು ತಂದಿಳಿಸಿತು. ಅಂದು ನಾನು ಆ ಸುದ್ದಿಯ ತುಣುಕನ್ನು ಕತ್ತರಿಸಿ ಶಾಲೆಯ ಹೆಣ್ಣುಮಕ್ಕಳಿಗೆ ತೋರಿಸಿದ್ದೆ. ಅಲ್ಲಿಂದ ಜನವರಿ 9ರ ಶನಿವಾರ ರಾತ್ರಿ ಎಂಟೂವರೆಗೆ ಹೊರಟ ವಿಮಾನ ಇಲ್ಲಿಗೆ 11ರ ಸೋಮವಾರ ಬೆಳಗಿನ ಜಾವ ನಾಲ್ಕರೊಳಗೆ ಬಂತು. ಕ್ಯಾಲೆಂಡರ್ ನೋಡಿದವರಿಗೆ ಒಂದು ಇಡೀ ಭಾನುವಾರ ಮಾಯವಾದಂತೆ ಕಾಣುತ್ತದೆ. ಗಾಳಿಯಲ್ಲಿದ್ದದ್ದು ಸುಮಾರು 17 ಗಂಟೆ. ನಿಮ್ಮ ಚೌಕದ 17 ಇಂಥ ನೇರ ಹಾರಾಟದ್ದು, ಅದೂ ಅಲ್ಲಿಂದ ಇಲ್ಲಿಗೆ ಬರುವಾಗಿನದು. "ಪ್ರಯಾಣದ ಅವಧಿ" ಎಂದು ಅದನ್ನು ಕರೆದದ್ದು ನನ್ನ ಎರಡನೆಯ ಆಕ್ಷೇಪ, ಮೊದಲನೆಯದಕ್ಕಿಂತ ದೊಡ್ಡದು.

ಏಕೆಂದರೆ ಆ ದಾರಿಯನ್ನು ನಾನು ಮೈಯಿಂದ ಅಳೆದಿದ್ದೇನೆ.

ಕಳೆದ ಫೆಬ್ರವರಿಯಲ್ಲಿ ಕಿರಿ ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಯಜಮಾನರೂ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನಿವೇಲ್‌ಗೆ ಹೋದೆವು. ಇಬ್ಬರಿಗೂ ಅದೇ ಮೊದಲ ವಿಮಾನ. ನಮ್ಮದು ಫ್ರಾಂಕ್‌ಫರ್ಟ್ ಮೂಲಕ ಹೋಗುವ ಟಿಕೆಟ್. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 7,400 ಕಿಲೋಮೀಟರ್, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 9,150. ಕೂಡಿದರೆ 16,550. ದಾರದ ದೂರಕ್ಕಿಂತ ಎರಡೂವರೆ ಸಾವಿರ ಕಿಲೋಮೀಟರ್ ಹೆಚ್ಚು.

ಟಿಕೆಟ್ಟಿನಲ್ಲಿ ಹೀಗಿತ್ತು: ಹೊರಡುವುದು ಗುರುವಾರ ಮುಂಜಾನೆ 2.30, ತಲುಪುವುದು ಗುರುವಾರ ಮಧ್ಯಾಹ್ನ 3.30. ಯಜಮಾನರು ಕನ್ನಡಕ ಏರಿಸಿ ನೋಡಿ, "ಹದಿಮೂರು ಗಂಟೆ ಅಷ್ಟೇ, ನಮ್ಮ ಊರಿನಿಂದ ಮುಂಬೈಗೆ ರೈಲಿನಲ್ಲಿ ಹೋದಷ್ಟೂ ಅಲ್ಲ" ಎಂದರು. ಲೆಕ್ಕದಲ್ಲಿ ಅವರ ತಪ್ಪೇನೂ ಇಲ್ಲ. ಒಂದು ಅಂಕಿಯಿಂದ ಇನ್ನೊಂದನ್ನು ಕಳೆದರೆ ಬರುವುದು ಹದಿಮೂರೇ. ಆದರೆ ಹೊರಡುವ ಹೊತ್ತು ನಮ್ಮ ಗಡಿಯಾರದ್ದು, ತಲುಪುವ ಹೊತ್ತು ಅವರ ಗಡಿಯಾರದ್ದು. ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುವುದರಿಂದ ಆ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ. ಹಾಗಾಗಿ 13ಕ್ಕೆ ಹದಿಮೂರೂವರೆ ಕೂಡಿಸಬೇಕು. 26 ಗಂಟೆ 30 ನಿಮಿಷ. ಫ್ರಾಂಕ್‌ಫರ್ಟ್‌ವರೆಗೆ ಒಂಬತ್ತೂ ಮುಕ್ಕಾಲು, ಅಲ್ಲಿ ಕಾಯುವುದು ಐದೂವರೆ, ಮುಂದಿನದು ಹನ್ನೊಂದೂ ಕಾಲು. ಬಿಡಿಸಿ ಕೂಡಿಸಿದರೂ ಅಷ್ಟೇ ಬರುತ್ತದೆ.

ಇದು ಕೇವಲ ಲೆಕ್ಕದ ಮಾತಲ್ಲ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ, ರಕ್ತದೊತ್ತಡವೂ ಇದೆ. ಬೆಳಗ್ಗೆ, ರಾತ್ರಿ ಹೊತ್ತು ಹೊತ್ತಿಗೆ ಮಾತ್ರೆ. ಹದಿಮೂರು ಗಂಟೆ ಎಂದು ನಂಬಿ ಹೊರಟಿದ್ದರೆ ಕೈಚೀಲದಲ್ಲಿ ಒಂದು ಹೊತ್ತಿನ ಮಾತ್ರೆ ಇಟ್ಟುಕೊಂಡು, ಉಳಿದದ್ದನ್ನು ಕೆಳಗೆ ಹೋಗುವ ದೊಡ್ಡ ಪೆಟ್ಟಿಗೆಯಲ್ಲಿ ತುಂಬಿಬಿಡುತ್ತಿದ್ದರು. ನಮ್ಮ ವೈದ್ಯರನ್ನು ಮೊದಲೇ ಕೇಳಿದೆ. ತಲುಪುವವರೆಗೂ ನಮ್ಮ ಊರಿನ ಹೊತ್ತಿಗೇ ತೆಗೆದುಕೊಳ್ಳಲಿ, ಆಮೇಲೆ ಹೇಗೆ ಹೊಂದಿಸಬೇಕೆಂದು ಬರೆದುಕೊಡುತ್ತೇನೆ ಎಂದರು. ಇದು ಅವರಿಗೆ ಹೇಳಿದ್ದು, ಪ್ರತಿಯೊಬ್ಬರೂ ತಮ್ಮ ತಮ್ಮ ವೈದ್ಯರನ್ನೇ ಕೇಳಬೇಕು. ಆದರೆ ಕೇಳಬೇಕು ಎಂದು ಹೊಳೆಯಬೇಕಾದರೆ ಪ್ರಯಾಣ ಎಷ್ಟು ಗಂಟೆಯದೆಂದು ಮೊದಲು ಗೊತ್ತಿರಬೇಕಲ್ಲ.

ಅದಕ್ಕೊಂದು ಉಪಾಯ ಮಾಡಿದೆವು. ಯಜಮಾನರ ಕೈಯಲ್ಲಿ ತುಮಕೂರಿನ ಕಾರ್ಖಾನೆಯಲ್ಲಿ ತಯಾರಾದ ಹಳೆಯ ಎಚ್‌ಎಂಟಿ ಕೈಗಡಿಯಾರವಿದೆ, ದಿನಾ ಬೆಳಗ್ಗೆ ಕೀಲಿ ಕೊಡುವಂಥದ್ದು. ಅದನ್ನು ಎಲ್ಲಿಯೂ ತಿರುಗಿಸಬಾರದು, ತಿಪಟೂರಿನ ಹೊತ್ತಿನಲ್ಲೇ ಇರಲಿ ಎಂದು ತೀರ್ಮಾನಿಸಿದೆವು. ನಾನು ಒಂದು ರಟ್ಟಿನ ತುಂಡಿನ ಮೇಲೆ ಮೂರು ಸಾಲು ಗೀಟೆಳೆದೆ. ಮೊದಲನೆಯದು ಮನೆಯ ಹೊತ್ತು, ಎರಡನೆಯದು ಆಯಾ ಊರಿನ ಹೊತ್ತು, ಮೂರನೆಯದು ಮನೆ ಬಿಟ್ಟು ಎಷ್ಟು ಗಂಟೆಯಾಯಿತೆಂಬುದು. ಊಟ, ಮಾತ್ರೆ, ನಿದ್ದೆ ಎಲ್ಲವನ್ನೂ ಅದರಲ್ಲಿ ಗುರುತು ಹಾಕಿದೆ. ಆ ರಟ್ಟು ಈಗಲೂ ಪಾಸ್‌ಪೋರ್ಟಿನ ಜೊತೆಯಲ್ಲಿದೆ.

ಬುಧವಾರ ಸಂಜೆ ಆರಕ್ಕೆ ಮನೆ ಬಿಟ್ಟೆವು. ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ದಾರಿಯಲ್ಲಿ ಬುತ್ತಿ ಬಿಚ್ಚಿ ಊಟ ಮುಗಿಸಿ ನಿಲ್ದಾಣ ಸೇರುವಾಗ ಹತ್ತು ದಾಟಿತ್ತು. ಪೆಟ್ಟಿಗೆಯಲ್ಲಿ ಅಂಟಿನುಂಡೆ, ಮೆಣಸಿನ ಸಾರಿನ ಪುಡಿ, ಮೆಂತ್ಯದ ಹಿಟ್ಟು. ಕೊಬ್ಬರಿಯ ಊರಿನವರಾಗಿಯೂ ಒಂದು ಕೊಬ್ಬರಿ ಬಟ್ಟಲನ್ನೂ ಒಯ್ಯಲಿಲ್ಲ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದೆಂದು ವಿಮಾನಯಾನದ ನಿಯಮಗಳು ಅದನ್ನು ಅಪಾಯಕಾರಿ ವಸ್ತುಗಳಲ್ಲಿ ಸೇರಿಸಿವೆ. ನಮ್ಮ ಕಡೆಯಿಂದ ಮಕ್ಕಳ ಮನೆಗೆ ಹೊರಡುವ ತಾಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು.

ಫ್ರಾಂಕ್‌ಫರ್ಟಿನಿಂದ ಹೊರಟ ಮೇಲಿನ ಹನ್ನೊಂದು ಗಂಟೆಯನ್ನು ನಾನು ಬದುಕಿರುವವರೆಗೆ ಮರೆಯಲಾರೆ. ಅಲ್ಲಿನ ಮಧ್ಯಾಹ್ನ ಒಂದೂ ಕಾಲಕ್ಕೆ ವಿಮಾನ ಎದ್ದಿತು. ಎಚ್‌ಎಂಟಿಯಲ್ಲಿ ಸಂಜೆ ಐದೂ ಮುಕ್ಕಾಲು. ನನ್ನದು ಎಡಗಡೆಯ ಕಿಟಕಿ. ಹೊರಗೆ ಸೂರ್ಯ ಊಟವಾದ ಹೊತ್ತಿನ ಎತ್ತರದಲ್ಲಿ, ಸ್ವಲ್ಪ ಓರೆಯಾಗಿ ನಿಂತಿದ್ದ. ಒಂದು ನಿದ್ದೆ ತೆಗೆದು ಎದ್ದೆ. ಎಚ್‌ಎಂಟಿಯಲ್ಲಿ ರಾತ್ರಿ ಹತ್ತೂವರೆ, ಕೆಳಗೆ ಗ್ರೀನ್‌ಲ್ಯಾಂಡಿನ ಹಿಮ ಕಣ್ಣು ಕುಕ್ಕುತ್ತಿತ್ತು, ಸೂರ್ಯ ಅಲ್ಲೇ ಇದ್ದ. ಯಜಮಾನರಿಗೆ ರಾತ್ರಿಯ ಮಾತ್ರೆ ಕೊಟ್ಟೆ. ನಮ್ಮ ಊರಿನಲ್ಲಿ ನಡುರಾತ್ರಿ ದಾಟಿತು, ಒಂದಾಯಿತು, ಎರಡಾಯಿತು, ಕಿಟಕಿಯಾಚೆ ಇನ್ನೂ ಮಧ್ಯಾಹ್ನವೇ. ಭೂಮಿ ತಿರುಗುವ ವೇಗಕ್ಕೆ ಹೆಚ್ಚುಕಡಿಮೆ ಸಮನಾಗಿ ನಾವು ಪಶ್ಚಿಮಕ್ಕೆ ಓಡುತ್ತಿದ್ದೆವು. ಮೇಲಿನ ಅಕ್ಷಾಂಶಗಳಲ್ಲಿ ಭೂಮಿಯ ಸುತ್ತಳತೆ ಕಡಿಮೆಯಾದ್ದರಿಂದ ವಿಮಾನಕ್ಕೂ ಅದು ಸಾಧ್ಯ. ರೇಖಾಂಶ ಒಂದಕ್ಕೆ ನಾಲ್ಕು ನಿಮಿಷ ಎಂದು ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದೆನೋ. ಆ ನಾಲ್ಕು ನಿಮಿಷ ಅಂದು ನನ್ನ ಕಣ್ಣಿನ ಮುಂದೆ ನಿಂತಿತ್ತು. ಪಕ್ಕದಲ್ಲಿ ಯಾರಾದರೂ ವಿದ್ಯಾರ್ಥಿನಿ ಇದ್ದಿದ್ದರೆ ಎನಿಸಿ ಕಣ್ಣು ತುಂಬಿತು.

ಇಳಿದಾಗ ಎಚ್‌ಎಂಟಿಯಲ್ಲಿ ಶುಕ್ರವಾರ ಬೆಳಗಿನ ಐದು. ಅಲ್ಲಿನವರಿಗೆ ಗುರುವಾರ ಮಧ್ಯಾಹ್ನ ಮೂರೂವರೆ. ವಲಸೆ ಅಧಿಕಾರಿಗಳ ಸಾಲು, ಪೆಟ್ಟಿಗೆಗಳಿಗೆ ಕಾಯುವುದು, ಸಂಜೆಯ ವಾಹನದಟ್ಟಣೆ ಎಲ್ಲ ಮುಗಿಸಿ ಮಗಳ ಮನೆಯ ಹೊಸ್ತಿಲು ದಾಟಿದಾಗ ಅವರ ಗೋಡೆ ಗಡಿಯಾರದಲ್ಲಿ ಸಂಜೆ ಆರು. ಬುಧವಾರ ಸಂಜೆ ಆರಕ್ಕೆ ಹೊರಟು ಗುರುವಾರ ಸಂಜೆ ಆರಕ್ಕೆ ತಲುಪಿದೆವು. ಕಾಗದದ ಮೇಲೆ ಸರಿಯಾಗಿ ಒಂದು ದಿನ. ಯಜಮಾನರ ಕೈಗಡಿಯಾರ ಶುಕ್ರವಾರ ಬೆಳಗ್ಗೆ ಏಳೂವರೆ ತೋರಿಸುತ್ತಿತ್ತು. ಮನೆಯಿಂದ ಮನೆಗೆ 37 ಗಂಟೆ 30 ನಿಮಿಷ. ಕಾಲು ಊದಿ ಚಪ್ಪಲಿಯ ಪಟ್ಟಿ ಹತ್ತುತ್ತಿರಲಿಲ್ಲ. ನಿಮ್ಮ ಚೌಕದ 17ರ ಎರಡರಷ್ಟಕ್ಕೂ ಹೆಚ್ಚು.

ಜುಲೈನಲ್ಲಿ ಹಿಂತಿರುಗುವಾಗ ಲೆಕ್ಕ ತಲೆಕೆಳಗಾಯಿತು. ಶನಿವಾರ ಮಧ್ಯಾಹ್ನ 2.40ಕ್ಕೆ ಹೊರಟು ಸೋಮವಾರ ಮುಂಜಾನೆ 1.45ಕ್ಕೆ ಬೆಂಗಳೂರು ಎಂದು ಟಿಕೆಟ್ ಹೇಳುತ್ತಿತ್ತು. ನೋಡಿದರೆ 35 ಗಂಟೆ. ಹನ್ನೆರಡೂವರೆ ಕಳೆದರೆ ಇಪ್ಪತ್ತೆರಡೂವರೆ ಚಿಲ್ಲರೆ. ಹೋಗುವಾಗ ಬೆಂಗಳೂರು–ಫ್ರಾಂಕ್‌ಫರ್ಟ್ ನಡುವೆ ಒಂಬತ್ತೂ ಮುಕ್ಕಾಲು ಗಂಟೆ ಹಿಡಿದಿದ್ದ ಅದೇ ದೂರ ಬರುವಾಗ ಎಂಟೂ ಮುಕ್ಕಾಲಿಗೆ ಮುಗಿಯಿತು. ಗಾಳಿ ಬೆನ್ನಿಗಿತ್ತು.

ನನಗೆ ಭೂಗೋಳ ಗೊತ್ತಿತ್ತು, ಪಾರಾದೆ. ನಮ್ಮ ಬೀದಿಯ ಕೊನೆಯ ಮನೆಯವರ ಕಥೆ ಹಾಗಾಗಲಿಲ್ಲ. ಇಬ್ಬರೂ ಅರವತ್ತೈದು ದಾಟಿದವರು, ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆ ಹೊರಟಿದ್ದರು. ಟಿಕೆಟ್ಟಿನಲ್ಲಿ ಶುಕ್ರವಾರ ಮುಂಜಾನೆ 1.50 ಎಂದಿತ್ತು. ಅವರು ಶುಕ್ರವಾರ ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಮಧ್ಯಾಹ್ನ ನೆಂಟರಿಗೆಲ್ಲ ಊಟ ಹಾಕಿ, ರಾತ್ರಿ ಹತ್ತಕ್ಕೆ ನಿಲ್ದಾಣದ ಬಾಗಿಲಿಗೆ ಹೋಗಿ ನಿಂತರು. ವಿಮಾನ ಹೋಗಿ ಇಪ್ಪತ್ತು ಗಂಟೆಯಾಗಿತ್ತು. ಬಾಗಿಲಲ್ಲಿದ್ದ ಸಿಬ್ಬಂದಿ ಟಿಕೆಟ್ ನೋಡಿ, "ಇದು ನಿನ್ನೆ ರಾತ್ರಿಯದು ಅಮ್ಮಾ" ಎಂದಾಗ ಆ ತಾಯಿಗೆ ಅರ್ಥವೇ ಆಗಲಿಲ್ಲವಂತೆ. ಶುಕ್ರವಾರ ಎಂದು ಬರೆದಿದೆಯಲ್ಲ, ಇವತ್ತು ಶುಕ್ರವಾರವೇ ಅಲ್ಲವೇ ಎಂದು ಮತ್ತೆ ಮತ್ತೆ ಕೇಳಿದರಂತೆ. ರಾತ್ರಿ ಎರಡು ಗಂಟೆಗೆ ಅವರ ಕಾರು ನಮ್ಮ ಬೀದಿಗೆ ಮರಳಿತು. ಪೆಟ್ಟಿಗೆಗಳ ಮೇಲೆ ಹಚ್ಚಿದ್ದ ಅರಿಶಿನ ಕುಂಕುಮ ಹಾಗೆಯೇ ಇತ್ತು. ಹುಟ್ಟುಹಬ್ಬ ಅವರಿಲ್ಲದೆಯೇ ನಡೆಯಿತು.

ಅವರನ್ನು ದಡ್ಡರೆನ್ನಲು ಯಾರಿಗೂ ಹಕ್ಕಿಲ್ಲ. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಗುರುವಾರ ರಾತ್ರಿ ಮಲಗಿ ನಡುರಾತ್ರಿ ಎರಡಕ್ಕೆ ಎದ್ದರೂ ಹಳೆಯ ತಲೆಮಾರಿನವರಿಗೆ ಅದು ಗುರುವಾರ ರಾತ್ರಿಯೇ. ಬೆಂಗಳೂರಿನಿಂದ ದೂರದ ದೇಶಗಳಿಗೆ ಹೋಗುವ ಅನೇಕ ವಿಮಾನಗಳು ಹೊರಡುವುದು ನಡುರಾತ್ರಿಯಿಂದ ನಸುಕಿನ ನಡುವೆ. ಎರಡು ಕಾಲಗಣನೆಗಳು ಢಿಕ್ಕಿ ಹೊಡೆಯುವುದು ಆ ನಾಲ್ಕೈದು ಗಂಟೆಗಳಲ್ಲೇ. ಟಿಕೆಟ್ ಮಾಡಿಕೊಟ್ಟ ಏಜೆನ್ಸಿಯವರು, "ಗುರುವಾರ ರಾತ್ರಿ ಊಟ ಮಾಡಿಕೊಂಡು ನಿಲ್ದಾಣದಲ್ಲಿರಬೇಕು" ಎಂದು ಕನ್ನಡದಲ್ಲಿ ಒಂದು ಸಾಲು ಬರೆದುಕೊಟ್ಟಿದ್ದರೆ ಸಾಕಿತ್ತು. ಹಣ ಪಡೆದವರಿಗೆ ಅಷ್ಟು ಹೊಣೆ ಇರಬೇಡವೇ? ದೂರದ ಊರಿನಲ್ಲಿ ಕುಳಿತು ಅಪ್ಪ ಅಮ್ಮನಿಗೆ ಟಿಕೆಟ್ ಕಳುಹಿಸುವ ಮಕ್ಕಳಿಗೂ ಇದೇ ಮಾತು. ಕಾಗದ ಕಳುಹಿಸಿ ಸುಮ್ಮನಾಗಬೇಡಿ, ಯಾವ ಊಟ ಮುಗಿಸಿ ಮನೆ ಬಿಡಬೇಕೆಂದು ಬಾಯಿಬಿಟ್ಟು ಹೇಳಿ.

ಪತ್ರಿಕೆಯಿಂದ ನಾನು ಕೇಳುವುದು ಹೆಚ್ಚೇನೂ ಅಲ್ಲ. ದೂರ ಬರೆಯುವಾಗ ಅಳತೆಯನ್ನು ಸರಿಯಾಗಿ ಹಾಕಿ, ಅದು ಭೂಮಿಯ ಮೇಲಿನ ಅತಿ ಹತ್ತಿರದ ದೂರವೋ ವಿಮಾನ ನಿಜಕ್ಕೂ ಹಾರುವ ದೂರವೋ ಎಂದು ತಿಳಿಸಿ. ಗಂಟೆ ಬರೆಯುವಾಗ "ಗಾಳಿಯಲ್ಲಿರುವ ಹೊತ್ತು" ಎಂದು ಬರೆಯಿರಿ, "ಪ್ರಯಾಣದ ಅವಧಿ" ಎನ್ನಬೇಡಿ. ಹೋಗುವ ಗಂಟೆ, ಬರುವ ಗಂಟೆ ಎರಡನ್ನೂ ಕೊಡಿ. ಆ ಊರಿಗೂ ನಮಗೂ ಎಷ್ಟು ಗಂಟೆಯ ಅಂತರ ಎಂಬುದು ಅದರ ಪಕ್ಕದಲ್ಲೇ ಇರಲಿ. ಕಲಬುರಗಿಯಿಂದಲೋ ಸಿರಸಿಯಿಂದಲೋ ಹೊರಡುವವರು ದೇವನಹಳ್ಳಿ ಸೇರಲು ಬೇಕಾಗುವ ಹೊತ್ತನ್ನು ಯಾವ ಚೌಕವೂ ಹೇಳುವುದಿಲ್ಲ. ಒಂದು ಭಾನುವಾರ ಅದಕ್ಕೂ ಅರ್ಧ ಪುಟ ಕೊಟ್ಟರೆ ಬಾಣಂತನಕ್ಕೆ, ನಾಮಕರಣಕ್ಕೆ ಹೊರಟ ಎಷ್ಟೋ ತಾಯಂದಿರು ಅದನ್ನು ಕತ್ತರಿಸಿ ಕೈಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ನನ್ನ ಮೂರು ಸಾಲಿನ ರಟ್ಟಿನ ಮಾದರಿ ಬೇಕಿದ್ದರೆ ಕಳುಹಿಸಿಕೊಡುತ್ತೇನೆ.

ಬರುವ ಸೋಮವಾರ ಗ್ಲೋಬ್ ಮತ್ತು ದಾರ ಹಿಡಿದು ಎಂಟನೆಯ ತರಗತಿಗೆ ಹೋಗಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದಿದ್ದೇನೆ. ಕರಿಹಲಗೆಯ ಸಾಲನ್ನು ಅಳಿಸಬೇಡಿ, ಆ ಹುಡುಗಿಯೇ ಅಳೆದು ತಿದ್ದಲಿ ಎಂದು ಹೇಳಿಬಂದಿದ್ದೇನೆ. ಅದಕ್ಕೆ ಮುಂಚೆ, ಈ ಭಾನುವಾರದ ಪುರವಣಿಯ ಅದೇ ಪುಟದ ಅದೇ ಮೂಲೆಯಲ್ಲಿ ನಿಮ್ಮ ತಿದ್ದುಪಡಿ ಬಂದರೆ ಅದನ್ನೂ ಮಕ್ಕಳಿಗೆ ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ತಿಪಟೂರು